ಇಪ್ಪತ್ತೊಂದು ವರ್ಷಕ್ಕೆ ಆರುನೂರು

ನಮ್ಮವರು ಮಹಾ ಹೆದರುಪುಕ್ಕಲರು. ಮದುವೆಯಾದ ಹೊಸತರಲ್ಲಿ ಇದನ್ನು ಬೈಗುಳವಾಗಿ ಹೇಳುತ್ತಿದ್ದೆ. ಆಮೇಲಾಮೇಲೆ ಅದೇ ಅವರ ವಿದ್ಯೆ ಎಂದು ಗೊತ್ತಾಯಿತು. ಐಸ್ ಫ್ಯಾಕ್ಟರಿಯ ಮಷಿನ್ ರೂಮಿನಲ್ಲಿ ಧೈರ್ಯವಂತರು ಬಾಳುವುದಿಲ್ಲ. ಅಲ್ಲಿ ನೀರನ್ನು ಗಡ್ಡೆ ಕಟ್ಟಿಸುವುದು ಅಮೋನಿಯಾ. ಪೈಪಿನೊಳಗೆ ಇರುವಷ್ಟು ಹೊತ್ತು ಅದರಷ್ಟು ಸಾಧು ಇನ್ನೊಂದಿಲ್ಲ. ಹೊರಗೆ ಬಂತೋ, ಮೊದಲು ಕಣ್ಣು, ಆಮೇಲೆ ಗಂಟಲು, ಆಮೇಲೆ ಜೀವ. ಇಪ್ಪತ್ತೊಂದು ವರ್ಷ ನಮ್ಮವರು ಆ ರೂಮಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಎದ್ದು ಒತ್ತಡದ ಗೇಜು ನೋಡಿ, ಪೈಪಿನ ಮೇಲೆ ಅಂಗೈ ಇಟ್ಟು, ಮೂಗೆತ್ತಿ ವಾಸನೆ ಹಿಡಿದು, ಮತ್ತೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ಅದಕ್ಕೇ ಗೇಜಣ್ಣ ಎಂಬ ಹೆಸರು ಬಿತ್ತು. ಆ ಗೇಜು ನೋಡಿದ ಹಾಗೆ ದಿನಕ್ಕೆ ಒಂದು ಸಲ ಹೆಂಡತಿಯ ಮುಖ ನೋಡಿದ್ದರೆ ನಾನು ಇಷ್ಟು ಬಾಯಿಬಡುಕಿಯಾಗುತ್ತಿರಲಿಲ್ಲ.

ಆದದ್ದಕ್ಕೆಲ್ಲ ಮೂಲ ಈ ನನ್ನ ಬಾಯಿಯೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಧ್ವಿ ಎಂದುಕೊಳ್ಳುವುದು ಬೇಡ.

ಫ್ಯಾಕ್ಟರಿ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮಧ್ಯಾಹ್ನ ಊಟದ ಡಬ್ಬಿ ಒಯ್ಯುವುದು ನನ್ನ ಕೆಲಸ. ಗೇಟಿನ ಒಳಗೆ ಉದ್ದನೆಯ ಶೆಡ್ಡು, ಯಾವಾಗಲೂ ಒದ್ದೆ ನೆಲ, ರಬ್ಬರ್ ಬೂಟು ಹಾಕಿಕೊಂಡು ಐಸ್ ಗಡ್ಡೆಗಳನ್ನು ಕೊಕ್ಕೆಯಿಂದ ಎಳೆಯುವ ಗಂಡಸರು. ಶೆಡ್ಡಿನ ಕೊನೆಯಲ್ಲಿ ಕಬ್ಬಿಣದ ಬಾಗಿಲು, ಅದರ ಹಿಂದೆ ಮಷಿನ್ ರೂಮು. ಅಲ್ಲಿ ಇದ್ದದ್ದು ಇಬ್ಬರೇ ಆಪರೇಟರುಗಳು. ನಮ್ಮವರು ಒಬ್ಬರು, ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದ ಮುದುಕರು ಇನ್ನೊಬ್ಬರು. ದೊಡ್ಡಪ್ಪ ಕಣ್ಣು ಮಂಜಾಯಿತೆಂದು ಕೆಲಸ ಬಿಟ್ಟ ಮೇಲೆ ಒಂದು ದಿನ ಗೇಟಿಗೆ ಕಾಗದ ಅಂಟಿತು. ಆಪರೇಟರ್ ಬೇಕಾಗಿದ್ದಾರೆ, ಅನುಭವ ಬೇಕಿಲ್ಲ, ಕಲಿಸಲಾಗುವುದು, ತಿಂಗಳಿಗೆ ಹದಿನೇಳು ಸಾವಿರದ ನಾಲ್ಕುನೂರು.

ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ನಮ್ಮವರ ಸಂಬಳ ಹದಿನೆಂಟು ಸಾವಿರ.

ಅಂದರೆ ಏನೂ ಗೊತ್ತಿಲ್ಲದೆ ಬರುವವರಿಗೂ ಇಪ್ಪತ್ತೊಂದು ವರ್ಷ ಜೀವ ಒತ್ತೆ ಇಟ್ಟವರಿಗೂ ಆರುನೂರರ ವ್ಯತ್ಯಾಸ! ವರ್ಷಕ್ಕೆ ಇಪ್ಪತ್ತೊಂಬತ್ತೂ ಬೀಳಲಿಲ್ಲ. ಇದು ಒಂದೇ ದಿನ ಆದದ್ದೇನಲ್ಲ. ಪ್ರತಿ ವರ್ಷ ಇವರಿಗೆ ಚೂರುಪಾರು ಸೇರಿಸುತ್ತಿದ್ದರು, ನಾವು ಅದಕ್ಕೇ ಖುಷಿಪಡುತ್ತಿದ್ದೆವು. ಗೇಟಿನ ಹೊರಗೆ ಹೊಸಬರ ಕೂಲಿ ಬೇರೆ ಲೆಕ್ಕದಲ್ಲಿ ಜಿಗಿಯುತ್ತ ಬಂದದ್ದು ನಮ್ಮ ಗಮನಕ್ಕೇ ಬರಲಿಲ್ಲ. ಮೇಲಿನ ಮೆಟ್ಟಿಲು ಇದ್ದಲ್ಲೇ, ಕೆಳಗಿನದು ಏರಿ ಏರಿ ಅದರ ಪಕ್ಕಕ್ಕೇ ಬಂದಿತ್ತು. ಕೈ ಕೆಸರಾದರೆ ಬಾಯಿ ಮೊಸರಂತೆ. ಇವರ ಕೈ ಕೆಸರಾದದ್ದೇ ಬಂತು.

“ಹೋಗಿ ಕೇಳ್ರೀ,” ಎಂದೆ.

“ಕೇಳಿದ್ರೆ ಏನನ್ಕೋತಾರೋ,” ಎಂದರು.

ಮೂರು ದಿನ ತಿವಿದ ಮೇಲೆ ಹೋದರು. ನಾನು ಆಫೀಸಿನ ಹೊರಗೆ ಡಬ್ಬಿ ಹಿಡಿದು ನಿಂತಿದ್ದೆ. ಮ್ಯಾನೇಜರು ಕೆಟ್ಟವರಲ್ಲ. ಮೃದು ಮಾತಿನವರು.

“ಗೇಜಣ್ಣ, ಅದಕ್ಕಿಂತ ಕಡಿಮೆ ಹಾಕಿದ್ರೆ ನಾಯಿನೂ ಮೂಸಿ ನೋಡಲ್ಲ. ಹೊಸಬರಿಗೆ ಈಗ ಅದೇ ರೇಟು.”

“ಸರಿ ಸಾರ್. ಆದ್ರೆ ನಮ್ಮಂಥ ಹಳಬರಿಗೆ…”

“ನಿಮಗೊಬ್ಬರಿಗೆ ಏರಿಸಿದ್ರೆ ನಾಳೆ ಶೆಡ್ಡಿನವರೆಲ್ಲ ನನ್ನ ಬಾಗಿಲಿಗೆ ಬರ್ತಾರೆ. ನಾಡಿದ್ದು ಡ್ರೈವರುಗಳು. ಮಾಲೀಕರಿಗೆ ನಾನು ಏನಂತ ಹೇಳ್ಲಿ? ಒಂದು ಕೆಲ್ಸ ಮಾಡಿ. ಬರೋರಿಗೆ ಒಂದಾರು ತಿಂಗಳು ಚೆನ್ನಾಗಿ ಕಲಿಸಿಕೊಡಿ. ಆಮೇಲೆ ನೋಡೋಣ.”

ನಮ್ಮವರು ಸಮಾಧಾನದ ಮುಖ ಹೊತ್ತು ಹೊರಗೆ ಬಂದರು. ನನಗೆ ಮಾತ್ರ ಆ ‘ಆಮೇಲೆ ನೋಡೋಣ’ ಕೇಳಿ ಭಯ ಹಿಡಿಯಿತು. ಆಮೇಲೆ ಏನು ನೋಡುತ್ತಾರೆ? ಕಲಿತ ಹೊಸಬರೂ ಅದೇ ಕೆಲಸ ಮಾಡುತ್ತಾರೆ, ಇವರೂ ಅದೇ ಮಾಡುತ್ತಾರೆ. ಇವರಿಗೆ ಐವತ್ತಮೂರು, ಮಂಡಿ ನೋವು, ಮಳೆಗಾಲದಲ್ಲಿ ಕೆಮ್ಮು. ಯಾರನ್ನು ಇಟ್ಟುಕೊಂಡು ಯಾರನ್ನು ಕಳಿಸುತ್ತಾರೆ? ಮಗಳ ಓದು ಇನ್ನೂ ಎರಡು ವರ್ಷ ಬಾಕಿ. ಬಾಡಿಗೆ ಮನೆ. ಬೇರೆ ಕಡೆ ಹೋಗಿ ಕೇಳೋಣವೆಂದರೆ ಊರಿಗೆಲ್ಲ ಇರುವುದು ಒಂದೇ ಐಸ್ ಫ್ಯಾಕ್ಟರಿ.

ಆ ಸಂಜೆ ಬಟ್ಟೆ ಮಡಿಸುತ್ತ ಅವರ ಬಾಯಿಂದಲೇ ಎಲ್ಲ ಕೇಳಿ ತಿಳಿದುಕೊಂಡೆ. ಹೊಸಬರು ಕಲಿಯುವುದಕ್ಕೆ ಎಷ್ಟು ದಿನ ಬೇಕು, ಯಾವುದು ಕಷ್ಟ, ಯಾವುದು ಹೇಳದೆ ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲ. ಆಗ ಅವರು ಹೇಳಿದ್ದು ಎಣ್ಣೆ ಇಳಿಸುವ ವಾಲ್ವಿನ ಸಂಗತಿ. ಮಷಿನಿನ ಎಣ್ಣೆ ಒಂದು ತೊಟ್ಟಿಯಲ್ಲಿ ಕೂಡಿಕೊಳ್ಳುತ್ತದಂತೆ, ಅದನ್ನು ಆಗಾಗ ಇಳಿಸಬೇಕಂತೆ, ತಕ್ಷಣ ಮುಚ್ಚದಿದ್ದರೆ ಎಣ್ಣೆಯ ಹಿಂದೆಯೇ ಅಮೋನಿಯಾ ಬರುತ್ತದಂತೆ. ಹನ್ನೆರಡು ವರ್ಷದ ಹಿಂದೆ ಅಲ್ಲಿನ ವಾಲ್ವು ಕೆಟ್ಟಾಗ ಮಾಲೀಕರು ಯಾವುದೋ ಮುಚ್ಚಿದ ಫ್ಯಾಕ್ಟರಿಯಿಂದ ಹಳೇದೊಂದನ್ನು ತಂದು ಹಾಕಿಸಿದರು. ಅದು ಉಲ್ಟಾ. ಲೋಕದ ನಲ್ಲಿಗಳೆಲ್ಲ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ, ಇದು ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ.

ಅದು ಎಲ್ಲಿಯೂ ಬರೆದಿಲ್ಲ. ಆ ರೂಮಿನಲ್ಲಿ ಒಂದು ಪದ್ಧತಿ ಇದೆ. ಅಮೋನಿಯಾ ಸೋರಿದರೆ ಕಣ್ಣು ಬಿಡುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೆ ಹಳಬರು ಹೊಸಬರ ಕಣ್ಣಿಗೆ ಟವೆಲು ಕಟ್ಟಿ, ಒಂದೊಂದೇ ವಾಲ್ವನ್ನು ಕೈಯಲ್ಲೇ ಹುಡುಕಿಸಿ ಮುಚ್ಚಿಸುತ್ತಾರೆ. ಇನ್ನು ಬರುವವರಿಗೆ ಎಣ್ಣೆ ವಾಲ್ವಿನ ಹತ್ತಿರ ಮೂರು ಸಲ ಬೆನ್ನು ತಟ್ಟಿ ಹೇಳಬೇಕು: ಇದು ಉಲ್ಟಾ, ಇದು ಉಲ್ಟಾ, ಇದು ಉಲ್ಟಾ. ಗೊತ್ತಿದ್ದವರು ಇಬ್ಬರೇ, ಅದರಲ್ಲಿ ದೊಡ್ಡಪ್ಪ ಮನೆ ಸೇರಿದ್ದರು.

“ಅದೊಂದು ಹೇಳ್ಬೇಡಿ,” ಎಂದೆ.

ಅವರು ನನ್ನ ಮುಖವನ್ನು ಆವತ್ತು ಗೇಜು ನೋಡಿದ ಹಾಗೆಯೇ ನೋಡಿದರು.

“ತಲೆ ಕೆಟ್ಟಿದ್ಯೇನೇ ನಿಂಗೆ? ಜೀವದ ಪ್ರಶ್ನೆ ಅದು.”

“ನಮ್ದೂ ಜೀವದ ಪ್ರಶ್ನೆನೇ. ಎಲ್ಲಾ ಕೊಟ್ಬಿಟ್ರೆ ನಿಮ್ಮ ಕೈಯಲ್ಲಿ ಏನು ಉಳೀತು? ಅದೊಂದನ್ನ ಹೊಟ್ಟೇಲಿ ಇಟ್ಕೊಳ್ಳಿ. ಆ ವಾಲ್ವನ್ನ ನೀವೇ ನೋಡ್ಕೊಳ್ಳಿ, ಅವರನ್ನ ಮುಟ್ಟಕ್ಕೆ ಬಿಡ್ಬೇಡಿ. ಯಾರಿಗೆ ಏನಾಗುತ್ತೆ? ಗೇಜಣ್ಣ ಇಲ್ದಿದ್ರೆ ನಡಿಯಲ್ಲ ಅನ್ನೋದು ಒಂದಾದ್ರೂ ಇರ್ಲಿ.”

ಅವರು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಅತ್ತೆ, ಕರೆದೆ, ಮಗಳ ಕಾಲೇಜಿನ ಹೆಸರು ಹಿಡಿದೆ. ಹೆದರುಪುಕ್ಕಲರನ್ನು ಹೆದರಿಸುವುದು ಎಷ್ಟು ಹೊತ್ತಿನ ಮಾತು.

ಕೆಲಸಕ್ಕೆ ಬಂದದ್ದು ಒಬ್ಬ ಹೆಂಗಸು. ಮೂವತ್ತನಾಲ್ಕು ವಯಸ್ಸು, ಎರಡು ಮಕ್ಕಳು, ಜೊತೆಗೆ ತಾಯಿ, ಗಂಡ ಇಲ್ಲ. ಅದಕ್ಕೆ ಮೊದಲು ಗೋದಾಮಿನಲ್ಲಿ ತೂಕದ ಚೀಟಿ ಬರೆಯುತ್ತಿದ್ದಳಂತೆ. ಬಂದ ಮೊದಲ ದಿನವೇ ಒಂದು ನೋಟ್‌ಬುಕ್ ತೆಗೆದು, ನಮ್ಮವರು ಕೆಮ್ಮಿದ್ದನ್ನೂ ಬರೆದುಕೊಳ್ಳುವ ಹಾಗೆ ಬರೆಯತೊಡಗಿದಳು. ಶೆಡ್ಡಿನವರು ಅವಳಿಗೆ ನೋಟ್‌ಬುಕ್ ಎಂದೇ ಹೆಸರಿಟ್ಟರು. ನಮ್ಮವರನ್ನು ಅಣ್ಣ ಎನ್ನುತ್ತಿದ್ದಳು, ಡಬ್ಬಿ ತಂದ ನನ್ನನ್ನು ಕಂಡರೆ ಎದ್ದು ನಿಂತು “ಬನ್ನಿ ಅಕ್ಕಾ” ಎಂದು ಸ್ಟೂಲು ಕೊಡುತ್ತಿದ್ದಳು. ಅವಳು ಒಳ್ಳೆಯವಳಾಗಿದ್ದಷ್ಟೂ ನನಗೆ ಕೋಪ ಬರುತ್ತಿತ್ತು. ಸೋಮಾರಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಅವಳ ಕಣ್ಣಿಗೆ ಟವೆಲು ಕಟ್ಟಿದ ದಿನ ನಮ್ಮವರು ಮನೆಗೆ ಬಂದು ಊಟಕ್ಕೆ ಕೂರಲಿಲ್ಲ.

“ಹೇಳಿಲ್ಲ ತಾನೆ?” ಎಂದೆ.

“ಇಲ್ಲ. ಅದರ ಹತ್ರ ಬಂದಾಗ ಕೈ ಹಿಡ್ಕೊಂಡು ಈ ಕಡೆ ಕರ್ಕೊಂಡು ಬಂದೆ. ಅದನ್ನ ನಾನೇ ನೋಡ್ಕೋತೀನಿ, ನೀನು ಮುಟ್ಬೇಡಮ್ಮಾ ಅಂದೆ. ಆಯ್ತಣ್ಣ ಅಂದ್ಳು. ಯಾಕೆ ಅಂತ ಕೂಡ ಕೇಳ್ಲಿಲ್ಲ.”

ಆಮೇಲೆ ಪ್ರತಿದಿನ ಅದೇ ಪ್ರಶ್ನೆ ನನ್ನದು, ಹೇಳಿಲ್ಲ ತಾನೆ. ಇಲ್ಲ ಎಂದರೆ ನಿಟ್ಟುಸಿರು, ಆದರೆ ಮರುದಿನ ಅವಳು ಕೊಟ್ಟ ಸ್ಟೂಲಿನ ಮೇಲೆ ಕೂರಲು ಆಗುತ್ತಿರಲಿಲ್ಲ. ನಮ್ಮವರು ಇಳಿದುಹೋದರು. ಮೊದಲು ಹತ್ತು ನಿಮಿಷಕ್ಕೊಮ್ಮೆ ಗೇಜು ನೋಡುತ್ತಿದ್ದವರು ಈಗ ಐದು ನಿಮಿಷಕ್ಕೊಮ್ಮೆ ಆ ವಾಲ್ವಿನ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ರಜೆ ಎಂಬುದನ್ನೇ ಬಿಟ್ಟರು. ಜ್ವರ ಬಂದರೂ ಹೋದರು. ಅವಳು “ಅಣ್ಣ ಮನೇಗ್ ಹೋಗಿ, ನಾನಿದ್ದೀನಿ” ಎಂದಷ್ಟೂ ಇವರಿಗೆ ಬೆವರು.

ಐದು ತಿಂಗಳು ಹೀಗೇ ಕಳೆಯಿತು. ಆರನೆಯ ತಿಂಗಳಲ್ಲಿ ನನಗೆ ದವಡೆ ಹಲ್ಲು ನೋವು ಎದ್ದಿತು. ಮುಖ ಊದಿ ಕಣ್ಣು ಮುಚ್ಚಿಹೋಯಿತು. ಹಲ್ಲು ಕೀಳಿಸಬೇಕು, ಒಬ್ಬಳೇ ಹೋಗಲು ಭಯ. ಇವರನ್ನು ಕೂಗಾಡಿ ಅರ್ಧ ದಿನ ರಜೆ ಹಾಕಿಸಿದೆ. ಅವರು ಬೆಳಿಗ್ಗೆ ಎಣ್ಣೆ ಇಳಿಸಿ, ವಾಲ್ವನ್ನು ಬಿಗಿಮಾಡಿ, ಮೂರು ಗಂಟೆಗೆ ಬರುತ್ತೇನೆ, ಅದನ್ನು ಮುಟ್ಟಬೇಡ ಎಂದು ಎರಡೆರಡು ಸಲ ಹೇಳಿ ಬಂದರು.

ದಂತವೈದ್ಯರು ಇಂಜೆಕ್ಷನ್ ಕೊಟ್ಟು ಹೊರಗೆ ಕೂರಿಸಿದ್ದರು. ನನ್ನ ಅರ್ಧ ಬಾಯಿ ಮರಗಟ್ಟಿತ್ತು. ಇವರ ಫೋನು ಹೊಡೆದುಕೊಂಡಿತು. ಕಿವಿಗೆ ಇಟ್ಟುಕೊಂಡರು, ಎದ್ದು ನಿಂತರು, ಮುಖದಲ್ಲಿ ರಕ್ತವೇ ಇಲ್ಲ.

“ಎಣ್ಣೆ ವಾಲ್ವು,” ಎಂದರು.

ಏನಾಯಿತು ಎಂದು ಕೇಳಲು ಹೋದರೆ ನನ್ನ ಬಾಯಿಂದ ಜೊಲ್ಲು ಬಂತೇ ಹೊರತು ಮಾತು ಬರಲಿಲ್ಲ. ಅವರು ಆ ಮಂಡಿಯಲ್ಲಿ ಓಡಿದರು. ನಾನೂ ಹಿಂದೆ ಓಡಿದೆ.

ಮೂರು ಬೀದಿ ಆಚೆಯಿಂದಲೇ ವಾಸನೆ ಮೂಗಿಗೆ ಹೊಡೆಯಿತು. ಶೆಡ್ಡಿನವರು ಗೇಟಿನ ಹೊರಗೆ ಮುಖಕ್ಕೆ ಒದ್ದೆ ಬಟ್ಟೆ ಹಿಡಿದು ಕೂತಿದ್ದರು. ನೋಟ್‌ಬುಕ್ಕನ್ನು ಇಬ್ಬರು ನೆಲದ ಮೇಲೆ ಮಲಗಿಸಿ ನೀರು ಸುರಿಯುತ್ತಿದ್ದರು. ಬಲಗೈ ಬೆಂದು ಬಿಳಿಚಿತ್ತು. ಉಸಿರು ಎಳೆದಾಗಲೆಲ್ಲ ಗಂಟಲಿನಿಂದ ಗರಗಸದ ಸದ್ದು. ಆದದ್ದು ಇಷ್ಟೇ: ವಾಲ್ವಿನ ಬಾಯಲ್ಲಿ ಸಣ್ಣಗೆ ಸೋರಿದ್ದು ಅವಳ ಮೂಗಿಗೆ ಬಿದ್ದಿದೆ. ಮುಟ್ಟಬೇಡ ಎಂದಿದ್ದರೂ ಸೋರುವುದನ್ನು ನೋಡಿಕೊಂಡು ಕೂರುವವಳಲ್ಲ ಅವಳು. ಮುಚ್ಚಲು ಹೋಗಿದ್ದಾಳೆ, ಲೋಕದ ಎಲ್ಲರೂ ಮುಚ್ಚುವ ಕಡೆಗೆ. ಜೋರಾಯಿತು. ಇನ್ನೂ ಬಿಗಿಮಾಡಬೇಕು ಎಂದುಕೊಂಡು ಇನ್ನೂ ತಿರುಗಿಸಿದ್ದಾಳೆ.

ನಮ್ಮವರು ನನ್ನ ಕಡೆ ನೋಡಲಿಲ್ಲ. ಒದ್ದೆ ಟವೆಲು ಸುತ್ತಿಕೊಂಡು ಒಳಗೆ ಹೋದರು. ಹೋಗಬೇಡಿ ಎಂದು ಕೂಗಲು ನನಗೆ ನಾಲಿಗೆಯೇ ಇರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಜೀವ ಬಾಯಿಗೆ ಬಂದಿತ್ತು, ಬಾಯಿ ಮಾತ್ರ ನನ್ನದಲ್ಲ ಎಂಬಂತಿತ್ತು. ಕೊನೆಗೆ ಅವರು ಗೋಡೆ ಹಿಡಿದುಕೊಂಡು ಹೊರಗೆ ಬಂದು, ವಾಂತಿ ಮಾಡಿಕೊಂಡು, ಆ ವಾಲ್ವು ಉಲ್ಟಾ, ಎಡಕ್ಕೆ ತಿರುಗಿಸಿ ಮುಚ್ಚಿದೆ ಎಂದರು.

ಮ್ಯಾನೇಜರು ಅಲ್ಲೇ ಕೇಳಿದರು. “ಆ ವಾಲ್ವು ಉಲ್ಟಾ ಅಂತ ಅವಳಿಗೆ ಹೇಳಿದ್ರಲ್ವಾ ಗೇಜಣ್ಣ?” ನಮ್ಮವರು ಬಾಯಿ ತೆರೆಯುವಷ್ಟರಲ್ಲಿ ತಾವೇ ಉತ್ತರ ಕೊಟ್ಟುಕೊಂಡರು. “ನೀವು ಹೇಳ್ದೇ ಇರ್ತೀರಾ! ಗಾಬರೀಲಿ ಮರ್ತಿದ್ದಾಳೆ ಪಾಪ.”

ನಾನು ಕುಂಬಳಕಾಯಿ ಕಳ್ಳರ ಹಾಗೆ ಹೆಗಲು ಮುಟ್ಟಿಕೊಳ್ಳದೆ ನಿಂತದ್ದೇ ಹೆಚ್ಚು.

ಅವಳು ಬದುಕಿದಳು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಐದನೆಯ ದಿನ ನಮ್ಮವರ ಕೈಗೆ ಆಫೀಸಿನಿಂದ ಒಂದು ಕಾಗದ ಬಂತು. ಮಾಲೀಕರಿಗೆ ಈಗ ಗೇಜಣ್ಣನ ಬೆಲೆ ಗೊತ್ತಾಗಿದೆಯಂತೆ. ಇನ್ನು ಮೇಲೆ ಇವರು ಮಷಿನ್ ರೂಮಿನ ಮುಖ್ಯಸ್ಥರು, ಸಂಬಳ ಇಪ್ಪತ್ತೆರಡು ಸಾವಿರ. ಹೇಳಿಕೊಟ್ಟದ್ದನ್ನು ಮರೆಯುವ ಹೆಂಗಸನ್ನು ಮುಂದುವರಿಸುವುದಿಲ್ಲ. ಸಹಿ ಹಾಕಿ ಕೊಡಿ ಎಂದಿದ್ದರು.

ನಾನು ಬೇಡಿದ್ದೇ ಬಂದಿತ್ತು. ಆ ಕಾಗದ ಮೇಜಿನ ಮೇಲೆ ಇದ್ದಷ್ಟು ಹೊತ್ತು ನನಗೆ ಆ ಕೋಣೆಗೆ ಹೋಗಲು ಭಯವಾಗುತ್ತಿತ್ತು. ಇವರು ಅದರ ಮುಂದೆ ಕೂತು, ಹೇಳಿಬಿಡ್ತೀನಿ ಕಣೇ ಎನ್ನುವರು. ಹೇಳಿದರೆ ಜೈಲೋ ಏನೋ, ಮಗಳ ಗತಿ ಏನು ಎಂದು ನಾನು ಅಳುವೆ. ಅತ್ತ ದರಿ, ಇತ್ತ ಪುಲಿ. ಎರಡು ದಿನ ಹೀಗೆ ಕಳೆದ ಮೇಲೆ, ಅವಳ ಬಾಯಲ್ಲಿ ಏನಿದೆ ಎಂದು ತಿಳಿದುಕೊಂಡು ಬರೋಣವೆಂದು ನಾನು ಹಣ್ಣು ಹಿಡಿದುಕೊಂಡು ಹೋದೆ. ನೋಡುವ ಪ್ರೀತಿಯಿಂದ ಹೋದೆ ಎಂದು ಸುಳ್ಳು ಹೇಳುವುದಿಲ್ಲ.

ದರ್ಜಿ ಅಂಗಡಿಯ ಮೇಲೆ ಒಂದೇ ಕೋಣೆ. ಕೆಳಗಿನ ಹೊಲಿಗೆ ಮಷಿನಿನ ಸದ್ದಿಗೆ ನೆಲ ಅದುರುತ್ತಿತ್ತು. ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು, ಆ ನೋಟ್‌ಬುಕ್ ತೊಡೆಯ ಮೇಲೆ ಇಟ್ಟುಕೊಂಡು, ಎಡಗೈಯಲ್ಲಿ ಹಾಳೆ ತಿರುವುತ್ತಿದ್ದಳು. ಸ್ವರ ಒಡೆದುಹೋಗಿತ್ತು.

“ಬನ್ನಿ ಅಕ್ಕಾ. ನೋಡಿ, ಎಲ್ಲಾ ಇದೆ, ತಾರೀಖು ಸಮೇತ. ಆ ವಾಲ್ವು ಉಲ್ಟಾ ಅನ್ನೋದೊಂದು ಮಾತ್ರ ಸಿಗ್ತಿಲ್ಲ. ಅಣ್ಣ ಹೇಳಿರ್ತಾರೆ, ನಾನೇ ಬರ್ಕೊಂಡಿಲ್ಲ. ಯಾವತ್ತು ಹೇಳಿದ್ರು ಅಂತ ಸ್ವಲ್ಪ ಕೇಳ್ತೀರಾ? ಅವತ್ತು ನನ್ನ ತಲೆಗೆ ಏನಾಗಿತ್ತು ಅಂತ ಗೊತ್ತಾಗ್ಬೇಕು.”

ಹಣ್ಣಿನ ಚೀಲ ಕೆಳಗಿಟ್ಟೆ.

“ಅವರು ಹೇಳ್ಲಿಲ್ಲಮ್ಮಾ. ಹುಡುಕ್ಬೇಡ. ಹೇಳ್ಬೇಡಿ ಅಂದಿದ್ದು ನಾನು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಎಲ್ಲ ಹೇಳಿದೆ. ಗೇಟಿನ ಕಾಗದ, ಆರುನೂರು, ಆಮೇಲೆ ನೋಡೋಣ ಎಂದದ್ದು, ಯಾವುದನ್ನೂ ಬಿಡಲಿಲ್ಲ. ಕೆನ್ನೆಗೆ ಹೊಡೆಯಲಿ, ಉಗಿಯಲಿ ಎಂದು ಕಾದೆ. ಅವಳ ತಾಯಿ ಮೂಲೆಯಲ್ಲಿ ಅಳತೊಡಗಿದರು. ಅವಳು ಮಾತ್ರ ನೋಟ್‌ಬುಕ್ ಮುಚ್ಚಿ ಬೇರೆಯದನ್ನೇ ಕೇಳಿದಳು.

“ಅಣ್ಣನಿಗೆ ಹದಿನೆಂಟೇನಾ ಅಕ್ಕಾ?”

“ಹ್ಞೂಂ.”

“ಇಪ್ಪತ್ತೊಂದು ವರ್ಷಕ್ಕೆ?”

“ಹ್ಞೂಂ ಕಣಮ್ಮಾ.”

“ನಾನು ಮೂವತ್ತಾದ್ರೂ ಇರುತ್ತೆ ಅಂದ್ಕೊಂಡಿದ್ದೆ. ಮಕ್ಕಳಿಗೂ ಹಾಗೇ ಹೇಳಿದ್ದೆ, ಸ್ವಲ್ಪ ವರ್ಷ ತಡೀರಿ, ಅಮ್ಮನೂ ಗೇಜಣ್ಣ ಆಗ್ತಾಳೆ ಅಂತ.” ಅವಳ ಕಣ್ಣಿನಲ್ಲಿ ನನ್ನ ಮೇಲಿನ ಸಿಟ್ಟು ಹುಡುಕಿದೆ. ಅಲ್ಲಿ ಇದ್ದದ್ದು ಭಯ, ನಾನು ಆಫೀಸಿನ ಹೊರಗೆ ನಿಂತ ದಿನ ನನಗಾದಂಥದ್ದೇ. “ಹಾಗಿದ್ರೆ ಇಷ್ಟೆಲ್ಲಾ ಕಲ್ತು ನಾನು ಎಲ್ಲಿಗೆ ಹೋಗ್ತಿದ್ದೆ ಅಕ್ಕಾ?”

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಅಂಗಿ ತೊಟ್ಟುಕೊಂಡು, ಸಹಿಯಿಲ್ಲದ ಕಾಗದ ಹಿಡಿದು ಆಫೀಸಿಗೆ ಹೋಗಿ ಇದ್ದದ್ದು ಇದ್ದಹಾಗೆ ಒಪ್ಪಿಕೊಂಡರು. ನನ್ನ ಹೆಸರು ಎತ್ತಲಿಲ್ಲ. ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತರಂತೆ. ಇಪ್ಪತ್ತೆರಡು ಸಾವಿರದ ಕಾಗದ ಹರಿದುಹೋಯಿತು. ಕೆಲಸದಿಂದ ಮಾತ್ರ ತೆಗೆಯಲಿಲ್ಲ. ತೆಗೆದರೆ ಮಷಿನು ನಡೆಸುವವರು ಯಾರು? ಅವಳಿಗೆ ಆಸ್ಪತ್ರೆಯ ಖರ್ಚು ಕೊಟ್ಟು ವಾಪಸು ಬಾ ಎಂದರು. ಅವಳು ಒಲ್ಲೆ ಎಂದಳು. ಕೈ ವಾಸಿಯಾದ ಮೇಲೆ ಮತ್ತೆ ಗೋದಾಮಿಗೆ, ತೂಕದ ಚೀಟಿ ಬರೆಯಲು ಹೋದಳು. ಅಲ್ಲಿ ಸ್ವಲ್ಪ ಕಡಿಮೆ, ಆದರೆ ಅಲ್ಲಿ ಗಾಳಿ ಬರೀ ಗಾಳಿ.

ಇದಾಗಿ ನಾಲ್ಕು ತಿಂಗಳು. ನಮ್ಮವರು ಈಗ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಆ ಕಬ್ಬಿಣದ ಬಾಗಿಲಿನ ಹಿಂದೆ ಒಬ್ಬರೇ. ವಾಲ್ವಿಗೆ ಕೆಂಪು ಬಣ್ಣದಲ್ಲಿ ಬಾಣ ಬರೆದಿದ್ದಾರೆ, ಆದರೆ ಅಮೋನಿಯಾ ನುಗ್ಗಿದಾಗ ಕಣ್ಣು ಬಿಟ್ಟು ಬಾಣ ನೋಡುವವರು ಯಾರು. ವಾಲ್ವನ್ನೇ ಬದಲಾಯಿಸಿ ಎಂದರೆ ಸೀಸನ್ ಮುಗಿಯಲಿ ಎನ್ನುತ್ತಾರೆ. ಶೆಡ್ಡಿನವರು ಆ ಕಡೆ ತಲೆ ಹಾಕುವುದಿಲ್ಲ. ಕೆಲಸ ಕೇಳಿಕೊಂಡು ಬಂದ ಮೂವರೂ ನೋಟ್‌ಬುಕ್ಕಿನ ಕಥೆ ಕೇಳಿ, ಬಾಗಿಲು ನೋಡಿ ಹಾಗೇ ಹಿಂದಿರುಗಿದರು. ಇವರ ಕೆಮ್ಮು ಆ ದಿನದಿಂದ ಹೆಚ್ಚಾಗಿದೆ. ನಿಂತಲ್ಲೇ ಕಣ್ಣು ಕತ್ತಲಿಡುತ್ತದೆ ಎನ್ನುತ್ತಾರೆ.

ಗೇಜಣ್ಣ ಇಲ್ಲದಿದ್ದರೆ ನಡೆಯುವುದಿಲ್ಲ ಎಂದು ಆಗಬೇಕು ಎಂದಿದ್ದೆನಲ್ಲ, ಆಯಿತು. ಒಂದು ದಿನ ಅವರು ಒಳಗೆ ಕುಸಿದರೆ ಒಳಗೆ ಹೋಗಿ ಮುಚ್ಚಬಲ್ಲ ಒಂದು ನರಪಿಳ್ಳೆಯೂ ಆ ಫ್ಯಾಕ್ಟರಿಯಲ್ಲಿ ಇಲ್ಲ. ಗಾಳಿ ಬೀಸಿ ಯಾವುದೋ ವಾಸನೆ ಬಂದರೆ ಸಾಕು, ಒಲೆ ಆರಿಸಿ ಬೀದಿಗೆ ಓಡುತ್ತೇನೆ. ಅಕ್ಕಪಕ್ಕದವರು ಇವಳಿಗೆ ಹುಚ್ಚು ಎಂದುಕೊಂಡಿದ್ದಾರೆ.

ನಿನ್ನೆ ಡಬ್ಬಿ ಕೊಟ್ಟು, ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿದೆ. ಸಂಬಳದ ಮಾತಿಗೆ ಬಂದಿದ್ದೇನೆ ಎಂದುಕೊಂಡರೋ ಏನೋ, ಅವರ ಮುಖ ಬಿಗಿಯಿತು.

“ಯಾರನ್ನಾದ್ರೂ ತಗೊಳ್ಳಿ ಸಾರ್,” ಎಂದೆ. “ನಮ್ಮವರು ಎಲ್ಲಾ ಹೇಳ್ಕೊಡ್ತಾರೆ. ಮೊದಲು ಅದನ್ನೇ ಹೇಳ್ಕೊಡ್ತಾರೆ.”

“ಇಪ್ಪತ್ತು ಸಾವಿರಕ್ಕೂ ಯಾರೂ ಬರ್ತಿಲ್ಲಮ್ಮ. ನಾನೇನು ಮಾಡ್ಲಿ?”

“ಇಪ್ಪತ್ತೈದು ಅನ್ನಿ ಸಾರ್. ಮೂವತ್ತು ಅನ್ನಿ. ಬರೋರಿಗೆ ಕೈ ಮುಗಿದು ಕರ್ಕೊಂಡ್ ಬನ್ನಿ. ನಮ್ಮವರದು ಹದಿನೆಂಟೇ ಇರ್ಲಿ, ನಾವು ಕೇಳಲ್ಲ.”